ಗೋಡೆ ಕೆಡವಿದವರು ಉತ್ತರ ಹೇಳಲಿ

ಕನ್ನಡದಲ್ಲಿ ‘ಕಚೇರಿ’ ಎಂಬ ಒಂದೇ ಮಾತಿಗೆ ಎರಡು ಅರ್ಥಗಳುಂಟು. ಹತ್ತು ಗಂಟೆಗೆ ಹೋಗಿ ಸಂಜೆಗೆ ಮರಳುವುದು ಒಂದು ಕಚೇರಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ, ರಾಮನವಮಿಯ ಚಪ್ಪರದ ಕೆಳಗೆ ಕೂತು ಕೇಳುವುದು ಇನ್ನೊಂದು ಕಚೇರಿ. ಎರಡಕ್ಕೂ ಒಂದೇ ಹೆಸರು ಹೇಗೆ ಅಂಟಿತೆಂಬ ವಿಚಾರವನ್ನು ನಿಘಂಟುಕಾರರಿಗೆ ಬಿಡೋಣ. ಸಂಗೀತದ ಕಚೇರಿಯಲ್ಲಿ ಒಬ್ಬರು ಹಾಡುತ್ತಾರೆ, ಐನೂರು ಜನ ಕೇಳುತ್ತಾರೆ. ಬೆಂಗಳೂರಿನ ಇಂದಿನ ದೊಡ್ಡ ದೊಡ್ಡ ಕಟ್ಟಡಗಳ ಕಚೇರಿಯಲ್ಲಾದರೋ ಐನೂರು ಜನವೂ ಒಟ್ಟಿಗೆ ಹಾಡುತ್ತಾರೆ. ಕೇಳುವ ಮನಸ್ಸು ಯಾರಿಗೂ ಇಲ್ಲ. ಆದರೂ ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ.

ಗೋಡೆ ಬಾಗಿಲುಗಳನ್ನು ತೆಗೆದುಹಾಕಿ, ಒಂದೇ ವಿಶಾಲವಾದ ಹಾಲಿನಲ್ಲಿ ಮೇಜುಗಳನ್ನು ಸಾಲಾಗಿ ಜೋಡಿಸಿ, ಲೆಕ್ಕ ಬರೆಯುವವನನ್ನೂ ದಿನವಿಡೀ ಫೋನಿನಲ್ಲಿ ಮಾತನಾಡಬೇಕಾದವಳನ್ನೂ ಪಕ್ಕಪಕ್ಕದಲ್ಲಿ ಕೂರಿಸುವ ಈ ಏರ್ಪಾಟಿಗೆ ‘ಓಪನ್ ಪ್ಲಾನ್ ಆಫೀಸು’ ಎಂದು ಹೆಸರು. ನಾವು ಇದನ್ನು ‘ಬಯಲು ಕಚೇರಿ’ ಎಂದು ಕರೆಯೋಣ. ಬಯಲಾಟಕ್ಕೆ ಬಯಲು ಬೇಕು, ಒಪ್ಪಿದೆ. ಲೆಕ್ಕಪತ್ರಕ್ಕೆ ಬಯಲು ಏತಕ್ಕೆ? ಗುಟ್ಟು ಬಯಲಾಯಿತು ಎಂಬ ಮಾತೂ ನಮ್ಮಲ್ಲಿದೆ. ಆ ಅರ್ಥದಲ್ಲೂ ಈ ಹೆಸರು ಇಲ್ಲಿಗೆ ಸಲ್ಲುತ್ತದೆಂಬುದನ್ನು ಮುಂದೆ ಕಾಣುವಿರಿ. ಈ ಬಯಲಿನ ಗದ್ದಲವನ್ನು ಕುರಿತು ನನ್ನ ವಾದ ಇಷ್ಟೆ: ಗದ್ದಲ ನೌಕರರ ನಡತೆಯ ದೋಷವಲ್ಲ, ಕಟ್ಟಡದ ದೋಷ. ಆದ್ದರಿಂದ ಅದನ್ನು ನಿವಾರಿಸುವ ಹೊಣೆ ಗೋಡೆ ಕೆಡವಿದವರದು; ಮೇಜಿನ ಮುಂದೆ ಕೂತವರದಲ್ಲ.

ಕನ್ನಡ ಮೇಷ್ಟರಿಗೆ ಈ ವಿಷಯದಲ್ಲಿ ಏನು ಕೆಲಸ ಎಂದು ಕೆಲವರು ಕೇಳಬಹುದು. ನಾನಿರುವುದು ಅತ್ತಿಗುಪ್ಪೆಯಲ್ಲಿ. ಇಲ್ಲಿ ಮೆಟ್ರೊ ನಿಲ್ದಾಣ ತೆರೆದದ್ದು ೨೦೧೫ರ ನವೆಂಬರಿನಲ್ಲಿ. ೨೦೨೩ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನ ತನಕ ಪೂರ್ತಿಯಾದ ಮೇಲಂತೂ ಇಲ್ಲಿ ಹತ್ತಿದವರು ಬಂಡಿ ಬದಲಿಸದೆ ಊರಿನ ಪೂರ್ವದ ಕೊನೆಯಲ್ಲಿ ಇಳಿಯಬಹುದು. ನನ್ನ ಹಳೆಯ ವಿದ್ಯಾರ್ಥಿಗಳು, ನಮ್ಮ ಬೀದಿಯ ಮಕ್ಕಳು, ಬೆಳಗಾದರೆ ಆ ಬಂಡಿಯಲ್ಲಿ ಬಯಲು ಕಚೇರಿಗಳಿಗೆ ಹೋಗುತ್ತಾರೆ. ಪ್ಲಾಟ್‌ಫಾರಮ್ಮಿನಲ್ಲಿ ಸಿಕ್ಕಾಗ ಅವರು ಸಂಬಳದ ವಿಷಯ ದೂರುವುದಿಲ್ಲ, ಕೆಲಸ ಹೆಚ್ಚಾಯಿತೆಂದೂ ದೂರುವುದಿಲ್ಲ. “ಕೆಲಸ ಕಷ್ಟ ಅಲ್ಲ ಸಾರ್, ಕೆಲಸ ಮಾಡೋಕೆ ಬಿಡೋದಿಲ್ಲ, ಅಷ್ಟೆ” ಎಂದಳು ಅವರಲ್ಲಿ ಒಬ್ಬಳು. ಹಗಲು ಎಂಟು ಗಂಟೆ ಅವಳು ಕಚೇರಿಯಲ್ಲಿ ಕೂತಿರುತ್ತಾಳೆ. ತಲೆ ಓಡಿಸಿ ಬರೆಯಬೇಕಾದ ವರದಿಯನ್ನು ಮಾತ್ರ, ಮಗು ಮಲಗಿದ ಮೇಲೆ, ರಾತ್ರಿ ಹನ್ನೊಂದು ಗಂಟೆಗೆ ಊಟದ ಮೇಜಿನ ಮೇಲೆ ಬರೆಯುತ್ತಾಳೆ. ಕಚೇರಿ ಕೊಡದ ಮೌನವನ್ನು ಮನೆಯವರ ನಿದ್ರೆಯಿಂದ ಅವಳು ಕಡ ತರುತ್ತಿದ್ದಾಳೆ. ಈ ಕಡವನ್ನು ತೀರಿಸುವವರು ಯಾರು ಎಂಬುದೇ ನನ್ನ ಪ್ರಶ್ನೆ.

ಅಷ್ಟೇ ಏಕೆ, ನಮ್ಮ ವೃತ್ತಿಯಲ್ಲೂ ಒಂದು ಬಯಲು ಕಚೇರಿಯಿದೆ. ಪರೀಕ್ಷೆಗಳು ಮುಗಿದ ಮೇಲೆ ಮೌಲ್ಯಮಾಪನ ಕೇಂದ್ರವೆಂದು ಒಂದು ದೊಡ್ಡ ಹಾಲನ್ನು ಗೊತ್ತುಮಾಡುತ್ತಾರೆ. ಉದ್ದನೆಯ ಮೇಜುಗಳ ಎರಡು ಬದಿಗೆ ಅಧ್ಯಾಪಕರು ಕೂತು ಉತ್ತರಪತ್ರಿಕೆಗಳನ್ನು ತಿದ್ದುತ್ತಾರೆ. ಎಡಗಡೆ ತುಟ್ಟಿಭತ್ಯದ ಬಾಕಿಯ ಚರ್ಚೆ, ಬಲಗಡೆ ಯಾರದೋ ಮಗಳ ಮದುವೆಗೆ ಛತ್ರ ಸಿಕ್ಕಿದ ಸಮಾಚಾರ, ಎದುರಿಗೆ ಅಂಕಗಳನ್ನು ಬಾಯಿಬಿಟ್ಟು ಕೂಡುವವರೊಬ್ಬರು. ಮಾತನಾಡುವವರು ಕೆಟ್ಟವರಲ್ಲ, ಇಡೀ ದಿನ ತುಟಿ ಹೊಲಿದುಕೊಂಡು ಕೂರುವುದು ಮನುಷ್ಯಮಾತ್ರರಿಂದ ಆಗತಕ್ಕದ್ದಲ್ಲ. ಆದರೆ ಯಾವುದೋ ಹಳ್ಳಿಯ ಹುಡುಗ ಕುವೆಂಪು ಅವರ ಕಾವ್ಯದ ಮೇಲೆ, ತನ್ನದೇ ಒಂದು ವಿಚಾರವನ್ನು ತಡವರಿಸುತ್ತಾ ಬರೆದಿರುತ್ತಾನೆ. ಆ ತಡವರಿಕೆಯ ಹಿಂದಿನ ಬುದ್ಧಿಯನ್ನು ಗುರುತಿಸಬೇಕಾದರೆ ಓದುವವನ ಮನಸ್ಸು ಎರಡು ನಿಮಿಷ ಅವನ ಕೈಯಲ್ಲಿರಬೇಕು. ಆ ಎರಡು ನಿಮಿಷವನ್ನು ಆ ಹಾಲು ಕೊಡುವುದಿಲ್ಲ. ನಾನಂತೂ ಅಲ್ಲಿ ಒಂದೊಂದು ಪತ್ರಿಕೆಯನ್ನೂ ಎರಡೆರಡು ಸಲ ಓದುತ್ತೇನೆ. ದಿನದ ಲೆಕ್ಕದಲ್ಲಿ ಹಿಂದೆ ಬೀಳುತ್ತೇನೆ. ಬಯಲು ಕಚೇರಿಯ ಗದ್ದಲವೆಂದರೆ ಬರಿಯ ತಲೆನೋವಿನ ಪ್ರಶ್ನೆಯೆಂದು ತಿಳಿದವರು ಆ ಹುಡುಗನನ್ನು ನೆನೆಯಬೇಕು. ನಷ್ಟವಾಗುವುದು ಕೂತವನಿಗೆ ಮಾತ್ರವಲ್ಲ, ಅವನ ಕೈಯ ಕೆಲಸವನ್ನು ನಂಬಿ ಎಲ್ಲೋ ದೂರದಲ್ಲಿ ಕಾದಿರುವವನಿಗೂ ಆಗುತ್ತದೆ.

ಇನ್ನು ಕಾಯಿದೆಗಳ ಮಾತು. ನಮ್ಮಲ್ಲಿ ಸದ್ದಿಗೆ ಸಂಬಂಧಿಸಿದ ಕಾನೂನುಗಳು ಇಲ್ಲದೆ ಇಲ್ಲ. ಸದ್ದಿನಿಂದ ಬರುವ ಕಿವುಡು ೧೯೪೮ರ ಕಾರ್ಖಾನೆ ಕಾಯಿದೆಯ ರೋಗಗಳ ಪಟ್ಟಿಯಲ್ಲಿ ಸೇರಿತ್ತು. ೨೦೨೦ರ ಔದ್ಯೋಗಿಕ ಸುರಕ್ಷಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕಾರ್ಖಾನೆಯಲ್ಲಿ ಎಂಟು ಗಂಟೆಯ ಪಾಳಿಗೆ ೯೦ ಡೆಸಿಬೆಲ್ ಎಂಬ ಮಿತಿ ಬಹುಕಾಲದಿಂದ ರೂಢಿಯಲ್ಲಿದೆ. ಊರಿನ ಸದ್ದಿಗೆ ೨೦೦೦ದ ಶಬ್ದಮಾಲಿನ್ಯ ನಿಯಮಗಳಿವೆ: ಹಗಲಿನ ಹೊತ್ತು ವಾಣಿಜ್ಯ ಪ್ರದೇಶಕ್ಕೆ ೬೫, ವಾಸದ ಪ್ರದೇಶಕ್ಕೆ ೫೫, ಮೌನ ವಲಯಕ್ಕೆ ೫೦ ಡೆಸಿಬೆಲ್. ಆಸ್ಪತ್ರೆ, ವಿದ್ಯಾಸಂಸ್ಥೆ, ನ್ಯಾಯಾಲಯಗಳ ಸುತ್ತ ನೂರು ಮೀಟರಿನ ತನಕ ಮೌನ ವಲಯವೆಂದು ಸರ್ಕಾರ ಸಾರಬಹುದು. ಒಳ್ಳೆಯ ಮಾತು. ಆದರೆ ಇವೆಲ್ಲ ಹೊರಗಿನ ಸದ್ದಿಗೆ. ಕಾಲೇಜಿನ ಗೇಟಿನಾಚೆ ಹಾರನ್ ಹೊಡೆದರೆ ಅಪರಾಧ. ಗೇಟಿನೊಳಗೆ, ಮಕ್ಕಳ ಹಣೆಬರಹ ಬರೆಯುವ ಹಾಲಿನಲ್ಲಿ, ನಡೆಯುವುದಕ್ಕೆ ಲೆಕ್ಕವಿಲ್ಲ!

ಈ ಕಾನೂನುಗಳೆಲ್ಲ ಸದ್ದಿನ ಗಾತ್ರವನ್ನು ಅಳೆಯುತ್ತವೆ. ಬಯಲು ಕಚೇರಿಯ ಉಪದ್ರವ ಗಾತ್ರದ್ದಲ್ಲ. ಒಂದು ಮೀಟರು ದೂರದಲ್ಲಿ ಒಬ್ಬರು ಸಹಜವಾಗಿ ಮಾತನಾಡಿದರೆ ಸುಮಾರು ೬೦ ಡೆಸಿಬೆಲ್ ಆಗುತ್ತದೆ. ಅದರಿಂದ ಯಾರ ಕಿವಿಯೂ ಹೋಗುವುದಿಲ್ಲ. ಹೋಗುವುದು ಗಮನ. ಮಳೆ ಧೋ ಎಂದು ಸುರಿಯುತ್ತಿದ್ದರೂ ನಾವು ಪುಸ್ತಕ ಓದಬಲ್ಲೆವು. ಪಕ್ಕದಲ್ಲಿ ಇಬ್ಬರು ಪಿಸುಗುಟ್ಟಿದರೆ ಓದಲಾರೆವು. ಮಳೆಗೆ ಪದಗಳಿಲ್ಲ. ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಕೇಳದೆಯೇ ಅದರ ಹಿಂದೆ ಹೊರಟುಬಿಡುತ್ತದೆ. ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ೧೯೭೬ರಲ್ಲಿ ಕೋಲ್ ಮತ್ತು ವೆಲ್ಶ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಕ್ಷರಗಳ ಸಾಲನ್ನು ಕಣ್ಣಿಗೆ ತೋರಿಸಿ ನೆನಪಿಟ್ಟುಕೊಳ್ಳಹೇಳಿದರು. ಆ ಹೊತ್ತಿನಲ್ಲಿ ಜರ್ಮನ್ ಭಾಷೆಯ ಓದನ್ನು ಕೇಳಿಸಿದರು. ಆ ಭಾಷೆ ಅರಿಯದವರ ನೆನಪೂ ಕದಡಿತು. ಅನಂತರ ಇದೇ ದಾರಿಯಲ್ಲಿ ಅನೇಕ ಪ್ರಯೋಗಗಳು ನಡೆದು ಈ ಸಂಗತಿ ಗಟ್ಟಿಯಾಗಿದೆ. ಅರ್ಥವಾಗದ ಮಾತೇ ಅಕ್ಷರಗಳ ಸಾಲನ್ನು ಕೆಡಿಸುವುದಾದರೆ, ಓದಿ ಬರೆಯುವ ಕೆಲಸಕ್ಕೆ ಅರ್ಥವಾಗುವ ಮಾತು ಮಾಡುವ ಹಾನಿ ಇನ್ನೆಷ್ಟು! ನಾಲ್ಕು ಭಾಷೆಗಳ ಕಲಕಲದ ನಡುವೆ ತಲೆ ತಗ್ಗಿಸಿ ಕೂತ ಕನ್ನಡಿಗ, ಎಲ್ಲೋ ಮೂರು ಮೇಜಿನಾಚೆ “ನಮ್ಮೂರಲ್ಲಿ…” ಎಂದು ಕೇಳಿದೊಡನೆ ತಲೆ ಎತ್ತುತ್ತಾನೆ. ಅದು ಅವನ ಚಾಪಲ್ಯವಲ್ಲ, ತಾಯಿನುಡಿಯ ಶಕ್ತಿ.

ಶಾಸ್ತ್ರಜ್ಞರು ಇದನ್ನು ಅರಿತೇ ಬಯಲು ಕಚೇರಿಗೆ ಬೇರೆ ಅಳತೆಗೋಲು ಮಾಡಿದ್ದಾರೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ೨೦೧೨ರಲ್ಲಿ ಹೊರಡಿಸಿ ೨೦೨೨ರಲ್ಲಿ ಪರಿಷ್ಕರಿಸಿದ ಐಎಸ್ಒ ೩೩೮೨ರ ಮೂರನೆಯ ಭಾಗ ಕೇಳುವುದು ‘ಸದ್ದು ಎಷ್ಟು’ ಎಂದಲ್ಲ. ‘ಒಬ್ಬನ ಮಾತು ಎಷ್ಟು ದೂರದ ತನಕ ಸ್ಪಷ್ಟವಾಗಿ ತಿಳಿಯುತ್ತದೆ’ ಎಂದು. ಆ ದೂರ ಐದು ಮೀಟರಿನೊಳಗಿದ್ದರೆ ಕಚೇರಿ ಚೆನ್ನಾಗಿದೆಯೆಂದೂ, ಹತ್ತು ಮೀಟರು ಮೀರಿದರೆ ಕೆಟ್ಟದ್ದೆಂದೂ ಮೊದಲ ಆವೃತ್ತಿಯಲ್ಲಿ ನಿದರ್ಶನ ಕೊಟ್ಟಿದ್ದರು. ಹತ್ತು ಮೀಟರೆಂದರೆ ಒತ್ತಾಗಿ ಜೋಡಿಸಿದ ನಮ್ಮ ಹಾಲುಗಳಲ್ಲಿ ಹಲವು ಡಜನ್ ಜನ. ಇಷ್ಟು ಜನಕ್ಕೆ ಒಬ್ಬಳ ಫೋನಿನ ಸಂಭಾಷಣೆ ಅಕ್ಷರಶಃ ತಿಳಿಯುತ್ತಿದ್ದರೆ ಅದನ್ನು ಕಚೇರಿಯೆನ್ನುವುದೋ ಬಾನುಲಿ ಕೇಂದ್ರವೆನ್ನುವುದೋ?

ಇದಕ್ಕೆ ಎದುರುವಾದಿಗಳು ಹೇಳುವ ಮೊದಲನೆಯ ಮಾತು ಸಹಕಾರದ್ದು. ಗೋಡೆಗಳು ಮನುಷ್ಯರನ್ನು ಬೇರೆಮಾಡುತ್ತವೆ. ಅವನ್ನು ಕೆಡವಿದರೆ ಜನ ಒಬ್ಬರೊಡನೊಬ್ಬರು ಬೆರೆಯುತ್ತಾರೆ. ಹೊಸ ವಿಚಾರ ಹುಟ್ಟುತ್ತದೆ ಎಂದು. ಕೇಳುವುದಕ್ಕೆ ಇಂಪಾಗಿದೆ. ಆದರೆ ಹಾರ್ವರ್ಡಿನ ಬರ್ನ್‌ಸ್ಟೀನ್ ಮತ್ತು ಟರ್ಬನ್ ಎಂಬವರು ಎರಡು ದೊಡ್ಡ ಸಂಸ್ಥೆಗಳು ಬಯಲು ಕಚೇರಿಗೆ ಬದಲಾದ ಮುನ್ನ ಮತ್ತು ಅನಂತರ ನೌಕರರ ಮೈಮೇಲೆ ಉಪಕರಣ ಕಟ್ಟಿ ಅಳೆದು, ೨೦೧೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮುಖಾಮುಖಿ ಸಂಭಾಷಣೆ ಹೆಚ್ಚಲಿಲ್ಲ. ಶೇಕಡ ಸುಮಾರು ೭೦ರಷ್ಟು ಇಳಿಯಿತು. ಹೆಚ್ಚಿದ್ದು ಇ-ಮೇಲು. ಎಲ್ಲರೂ ನೋಡುತ್ತಿದ್ದಾರೆ, ಎಲ್ಲರಿಗೂ ಕೇಳಿಸುತ್ತದೆ ಎಂದಮೇಲೆ ಮಾನವಂತರು ಬಾಯಿ ಮುಚ್ಚಿಕೊಂಡು ಬೆರಳಿನಿಂದ ಮಾತನಾಡುತ್ತಾರೆ. ಸಿಡ್ನಿಯ ಕಿಮ್ ಮತ್ತು ಡಿ ಡಿಯರ್ ೨೦೧೩ರಲ್ಲಿ ೩೦೩ ಕಟ್ಟಡಗಳ ೪೨ ಸಾವಿರಕ್ಕೂ ಮಿಕ್ಕ ಜನರ ಉತ್ತರಗಳನ್ನು ಸೋಸಿ ನೋಡಿದರು. ಬಯಲು ಕಚೇರಿಯಲ್ಲಿ ಸಿಕ್ಕುವ ಮಾತುಕತೆಯ ಸೌಕರ್ಯ ಅಲ್ಲಿ ಕಳೆದುಕೊಳ್ಳುವ ಏಕಾಂತದ ನಷ್ಟವನ್ನು ತುಂಬಿಕೊಡಲಾರದೆಂದು ತೀರ್ಮಾನಿಸಿದರು. ಗೋಡೆಗೂ ಕಿವಿಯುಂಟೆಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ಈಗ ಗೋಡೆ ಹೋಗಿದೆ, ಕಿವಿಗಳು ಮಾತ್ರ ಉಳಿದಿವೆ.

ಎರಡನೆಯದು ಸಮಾನತೆಯ ವಾದ. ಮೇಲಧಿಕಾರಿಗೊಂದು ಕೋಣೆ, ಗುಮಾಸ್ತೆಗೊಂದು ಮೂಲೆ ಎಂಬ ಹಳೆಯ ದರ್ಪ ಹೋಗಲಿ ಎನ್ನುತ್ತಾರೆ. ಹೋಗಲಿ, ನನಗೂ ಸಂತೋಷವೇ. ಆದರೆ ನಿಜವಾಗಿ ಹೋಗಿದೆಯೇ? ಆ ಹಾಲಿನ ಅಂಚಿನಲ್ಲಿ ಗಾಜಿನ ಬಾಗಿಲಿನ ಕೋಣೆಗಳಿರುತ್ತವೆ. ಗುಟ್ಟಿನ ಮಾತು ಬಂದಾಗ ಮೇಲಿನವರು ಅಲ್ಲಿಗೆ ಸರಿಯುತ್ತಾರೆ. ಕೆಳಗಿನವನು ತನ್ನ ತಾಯಿಯ ಆಪರೇಷನ್ನಿನ ದಿನ ಗೊತ್ತುಮಾಡಿಕೊಳ್ಳಲು ಮೆಟ್ಟಿಲ ಬಳಿಗೆ ಹೋಗಿ ನಿಲ್ಲುತ್ತಾನೆ. ಮೌನ ಪದವಿಯ ಪ್ರಕಾರ ಹಂಚಿಕೆಯಾದರೆ ಅದು ಸಮಾನತೆಯಲ್ಲ.

ಮೂರನೆಯ ವಾದ ಚರಿತ್ರೆಯದು. ಇದು ಸ್ವಲ್ಪ ಗಟ್ಟಿಯಾದದ್ದು. ‘ನಮ್ಮ ಗುಮಾಸ್ತರು ಎಂದು ಕೋಣೆಗಳಲ್ಲಿ ಕೂತಿದ್ದರು? ಅಠಾರಾ ಕಚೇರಿಯ ಕಾಲದಿಂದಲೂ ಸೆಕ್ಷನ್ ಎಂದರೆ ಹಾಲೇ ಅಲ್ಲವೇ?’ ಎನ್ನುತ್ತಾರೆ. ಅಠಾರಾ ಕಚೇರಿ ಮುಗಿದದ್ದು ೧೮೬೮ರಲ್ಲಿ. ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿ ಸೇರಿದ್ದರಿಂದ ಆ ಹೆಸರು. ವಿಧಾನಸೌಧ ಮುಗಿದದ್ದು ೧೯೫೬ರಲ್ಲಿ. ಇಂಥ ಹಳೆಯ ಕಟ್ಟಡಗಳಲ್ಲಿ ಗುಮಾಸ್ತರು ಒಟ್ಟಾಗಿ ಕೂತಿದ್ದರೆಂಬುದು ದಿಟ. ಆದರೆ ಅಲ್ಲಿ ಚಾವಣಿ ಎತ್ತರ, ಗೋಡೆ ದಪ್ಪ, ಕಿಟಕಿ ತೆರೆದದ್ದು. ಸುತ್ತಲೂ ಬೀರುಗಳ ಮೇಲೆ, ನೆಲದ ಮೇಲೆ, ಕೆಂಪು ಪಟ್ಟಿ ಕಟ್ಟಿದ ಕಾಗದದ ಕಟ್ಟುಗಳು. ಕಾಗದಕ್ಕಿಂತ ಒಳ್ಳೆಯ ಸದ್ದುನುಂಗಿ ಬೇಕೆ? ಫೋನು ಇದ್ದದ್ದು ಸಾಹೇಬರ ಮೇಜಿನ ಮೇಲೆ ಒಂದು. ಟಪಟಪ ಎನ್ನುವ ಬೆರಳಚ್ಚು ಯಂತ್ರಗಳನ್ನು ಬೇರೆ ಕೋಣೆಯಲ್ಲಿಡುವಷ್ಟು ವಿವೇಕ ಹಿಂದಿನವರಿಗೆ ಇತ್ತು. ಕೆಲಸವೆಂದರೆ ಬರೆಯುವುದಾಗಿತ್ತು. ಈಗ ಮಾತನಾಡುವುದೇ ಕೆಲಸ. ಪ್ರತಿಯೊಂದು ಮೇಜಿನಿಂದಲೂ ಯಾವುದೋ ದೇಶದೊಡನೆ ಸಭೆ ನಡೆಯುತ್ತದೆ. ಕಾಗದ ಹೋಗಿದೆ, ಅದರ ಜಾಗಕ್ಕೆ ಗಾಜು ಬಂದಿದೆ. ಹಳೆಯ ಹಾಲಿನ ಹೆಸರು ಹೇಳಿ ಹೊಸ ಹಾಲನ್ನು ಸಮರ್ಥಿಸುವುದು ನ್ಯಾಯವಲ್ಲ.

ನಾಲ್ಕನೆಯವರು ನಮ್ಮ ಜನರನ್ನೇ ತೆಗಳುವವರು. ‘ನಮ್ಮವರಿಗೆ ಗದ್ದಲ ಅಭ್ಯಾಸ, ಹಾರನ್ನು, ಧ್ವನಿವರ್ಧಕ, ಮದುವೆಯ ವಾಲಗಗಳ ನಡುವೆಯೇ ಬೆಳೆದವರು, ಇವರಿಗೆ ಇದೆಲ್ಲ ತಾಗುವುದಿಲ್ಲ’ ಎಂಬುದು ಅವರ ವಾದ. ಹೆಚ್ಚು ಓದಿಕೊಂಡವರಾದರೆ ಅಕ್ಕಮಹಾದೇವಿಯ ಸಂತೆಯ ವಚನವನ್ನೂ ನೆನಪಿಸುತ್ತಾರೆ. ಅಕ್ಕ ಹೇಳಿದ್ದು ತಾನಾಗಿ ಸಂತೆಯಲ್ಲಿ ಮನೆ ಹೂಡಿದವರಿಗೆ. ಲೋಕದ ನಿಂದೆ ಸ್ತುತಿಗಳನ್ನು ತಾಳಿಕೊಳ್ಳುವ ಸಮಾಧಾನವನ್ನು ಕುರಿತು. ನಮ್ಮ ಗುಮಾಸ್ತೆ ಸಂತೆಗೆ ಹೋದವನಲ್ಲ. ಅವನ ಮೇಜಿನ ಬಳಿಗೆ ಸಂತೆಯನ್ನು ತಂದು ಹಾಕಿದ್ದಾರೆ. ವೈರಾಗ್ಯದ ವಚನವನ್ನು ಬಾಡಿಗೆ ಉಳಿಸುವುದಕ್ಕೆ ಬಳಸುವುದು ಅಕ್ಕನಿಗೆ ಮಾಡುವ ಅಪಚಾರ. ಅಭ್ಯಾಸವಾಗಿಬಿಡುತ್ತದೆ ಎಂಬುದಕ್ಕೆ ಕಾರ್ನೆಲ್ ವಿಶ್ವವಿದ್ಯಾಲಯದ ಇವಾನ್ಸ್ ಮತ್ತು ಜಾನ್ಸನ್ ೨೦೦೦ದಲ್ಲಿ ಉತ್ತರ ಕೊಟ್ಟಿದ್ದಾರೆ. ನಲವತ್ತು ಜನ ಮಹಿಳಾ ಗುಮಾಸ್ತರಲ್ಲಿ ಕೆಲವರನ್ನು ಮೂರು ಗಂಟೆ ಬಯಲು ಕಚೇರಿಯ ಸಾಧಾರಣ ಸದ್ದಿನಲ್ಲೂ ಕೆಲವರನ್ನು ನಿಶ್ಶಬ್ದದಲ್ಲೂ ಕೂರಿಸಿದರು. ಕೇಳಿದಾಗ, ತಮಗೆ ಹೆಚ್ಚು ಒತ್ತಡವಾಯಿತೆಂದು ಸದ್ದಿನಲ್ಲಿದ್ದವರು ಹೇಳಲಿಲ್ಲ. ಆದರೆ ಅವರ ದೇಹದಲ್ಲಿ ಒತ್ತಡದ ರಸ ಏರಿತ್ತು. ಅನಂತರ ಕೊಟ್ಟ ಕಠಿನವಾದ ಒಗಟುಗಳನ್ನು ಅವರು ಬೇಗನೆ ಕೈಬಿಟ್ಟರು. ಬಾಯಿ ‘ಅಭ್ಯಾಸವಾಗಿದೆ’ ಎನ್ನುತ್ತದೆ; ಮೈ ಅಲ್ಲವೆನ್ನುತ್ತದೆ. ಛಲ ಸೋರಿಹೋದದ್ದು ಸೋತವರಿಗೇ ಗೊತ್ತಾಗುವುದಿಲ್ಲ.

ಕೊನೆಗೆ ಉಳಿಯುವುದು ಇಯರ್‌ಫೋನು ಮತ್ತು ಬೋರ್ಡು. ‘ದಯವಿಟ್ಟು ಮೆಲ್ಲಗೆ ಮಾತನಾಡಿ’ ಎಂಬ ಬೋರ್ಡನ್ನು ಗೋಡೆ ಇಲ್ಲದ ಕಾರಣ ಕಂಬಕ್ಕೆ ಅಂಟಿಸಿರುತ್ತಾರೆ. ಇನ್ನು ಕೆಲವು ಕಡೆ ಕಚೇರಿಯ ಶಿಷ್ಟಾಚಾರವೆಂದು ಉಪದೇಶಮಾಲೆ ಹೊರಡಿಸುತ್ತಾರೆ. ಇದರ ಒಳಗುಟ್ಟು ಗಮನಿಸಿ. ಕಟ್ಟಿದವನ ತಪ್ಪು ಕೂತವನ ತಪ್ಪಾಗುತ್ತದೆ. ಮಾತನಾಡಲೇಬೇಕಾದ ಕೆಲಸದವಳು ಮಾತನಾಡಿದ್ದಕ್ಕೆ ಪಾಪಿಷ್ಠೆ. ಕೇಳಲಾರದವನು ಸೂಕ್ಷ್ಮದವನು, ಹೊಂದಿಕೊಳ್ಳದವನು. ಇಬ್ಬರು ಗೆಳೆಯರು ಒಂದು ಮೇಜಿನ ಮೇಲೆ ವೈರಿಗಳಾಗುತ್ತಾರೆ. ಬಾಡಿಗೆ ಉಳಿಸಿದವನ ಹೆಸರು ಈ ಜಗಳದಲ್ಲಿ ಬರುವುದೇ ಇಲ್ಲ. ಇಯರ್‌ಫೋನಾದರೋ ನೌಕರ ತನ್ನ ದುಡ್ಡಿನಿಂದ ಕೊಂಡು ತನ್ನ ತಲೆಗೆ ಕಟ್ಟಿಕೊಳ್ಳುವ ಗೋಡೆ. ಒಂದು ಇಟ್ಟಿಗೆಯ ಗೋಡೆಯನ್ನು ಕೆಡವಿ ಇನ್ನೂರು ಖಾಸಗಿ ಗೋಡೆಗಳನ್ನು ಎಬ್ಬಿಸಿ, ಇದನ್ನೇ ಸಹಕಾರವೆಂದು ಕರೆಯುತ್ತಿದ್ದಾರೆ.

ಈ ಬಯಲು ಕಚೇರಿಯನ್ನು ಮೊದಲು ರೂಪಿಸಿದವರು ಇಷ್ಟು ಅಡ್ಡಾದಿಡ್ಡಿಯಾಗಿ ಕಟ್ಟಲಿಲ್ಲ. ೧೯೫೦ರ ದಶಕದ ಕೊನೆಯಲ್ಲಿ ಜರ್ಮನಿಯ ಹ್ಯಾಂಬರ್ಗ್ ಹತ್ತಿರದ ಕ್ವಿಕ್‌ಬಾರ್ನಿನ ಶ್ನೆಲ್ಲೆ ಸಹೋದರರು ‘ಕಚೇರಿಯ ಭೂದೃಶ್ಯ’ವೆಂಬ ಕಲ್ಪನೆಯನ್ನು ಮುಂದಿಟ್ಟಾಗ ನೆಲಕ್ಕೆ ರತ್ನಗಂಬಳಿ, ನಡುನಡುವೆ ಅಡ್ಡತೆರೆ ಮತ್ತು ಗಿಡಗಳ ಸಾಲು, ಸದ್ದು ಹೀರುವ ಚಾವಣಿ ಇವೆಲ್ಲವೂ ಅದರ ಅಂಗವಾಗಿದ್ದವು. ಅಷ್ಟಿದ್ದೂ ೧೯೭೦ರ ದಶಕದಲ್ಲಿ ಅದೇ ಜರ್ಮನಿಯ ನೌಕರರು ಅದನ್ನು ವಿರೋಧಿಸಿದರು. ನಮ್ಮವರು ಆಮದು ಮಾಡಿಕೊಂಡದ್ದು ಏನನ್ನು? ಗೋಡೆ ಇಲ್ಲದಿರುವುದನ್ನು ಮಾತ್ರ. ರತ್ನಗಂಬಳಿ ದುಬಾರಿಯಾಯಿತು, ಅಡ್ಡತೆರೆ ನೋಟಕ್ಕೆ ಅಡ್ಡಿಯಾಯಿತು, ಚಾವಣಿಯನ್ನು ಕಿತ್ತು ಕೊಳವೆಗಳನ್ನು ತೋರಿಸುವುದು ಫ್ಯಾಷನ್ನಾಯಿತು. ಮದುವೆಯ ಊಟದ ಪಟ್ಟಿಯಿಂದ ಅನ್ನ, ಸಾರು, ಪಾಯಸಗಳನ್ನು ಹೊಡೆದುಹಾಕಿ ಬರಿಯ ಎಲೆ ಹಾಕಿದ ಹಾಗಾಯಿತು.

ಹಾಗಾದರೆ ಮಾಡತಕ್ಕದ್ದೇನು? ಇದು ಮಂತ್ರವಿದ್ಯೆಯಲ್ಲ, ನೂರು ವರ್ಷಕ್ಕೂ ಹಳೆಯದಾದ ಶಾಸ್ತ್ರ. ೧೮೯೫ರಲ್ಲಿ ಹಾರ್ವರ್ಡಿನ ಒಂದು ಉಪನ್ಯಾಸದ ಕೊಠಡಿಯಲ್ಲಿ ಮೇಷ್ಟರ ಮಾತು ಯಾರಿಗೂ ತಿಳಿಯುವುದಿಲ್ಲವೆಂಬ ದೂರು ಬಂದಾಗ ವ್ಯಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕನಿಗೆ ಅದನ್ನು ಸರಿಪಡಿಸಲು ಹೇಳಿದರು. ಆತ ಹತ್ತಿರದ ನಾಟಕಶಾಲೆಯ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ಹೊತ್ತು ತಂದು, ಹಾಸಿ, ಒಂದು ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದ. ಕೋಣೆಯ ಗಾತ್ರ ಹೆಚ್ಚಾದಷ್ಟೂ ಸದ್ದು ತಂಗುತ್ತದೆ. ಹೀರುವ ವಸ್ತು ಹೆಚ್ಚಾದಷ್ಟೂ ಬೇಗ ಅಡಗುತ್ತದೆ. ಇಷ್ಟನ್ನೇ ಆತ ಒಂದು ಸೂತ್ರವಾಗಿಸಿದ. ಅವನಿಗೂ ಮುಂಚೆ, ೧೬೫೬ರಲ್ಲೇ ಮುಗಿದ ವಿಜಾಪುರದ ಗೋಲಗುಂಬಜದೊಳಗೆ ನಿಂತ ಕನ್ನಡಿಗರಿಗೆ ಇದರ ಮರ್ಮ ಅನುಭವದಿಂದ ಗೊತ್ತಿತ್ತು. ಗುಂಬಜದ ಮೊಗಸಾಲೆಯ ಒಂದು ಬದಿಯಲ್ಲಿ ಪಿಸುಗುಟ್ಟಿದರೆ ಸುಮಾರು ೩೮ ಮೀಟರಿನಾಚೆಯ ಬದಿಯಲ್ಲಿ ಕೇಳಿಸುತ್ತದೆ. ಸಿ. ವಿ. ರಾಮನ್ ಅವರು ೧೯೨೦ರ ದಶಕದ ಆರಂಭದಲ್ಲಿ ಇಂಥ ಪಿಸುಮಾತಿನ ಮೊಗಸಾಲೆಗಳನ್ನು ಕುರಿತು ಬರೆದಾಗ ಗೋಲಗುಂಬಜವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಗಟ್ಟಿಯಾದ, ನುಣುಪಾದ ಗೋಡೆ ಸದ್ದನ್ನು ನುಂಗುವುದಿಲ್ಲ, ಉಗುಳುತ್ತದೆ. ಸಮಾಧಿಗೆ ಅದು ಗಾಂಭೀರ್ಯ, ಕಚೇರಿಗೆ ಶಿಕ್ಷೆ.

ನಮ್ಮ ಭೌತಶಾಸ್ತ್ರದ ಮಿತ್ರರೊಬ್ಬರು ನನಗೆ ಲೆಕ್ಕ ಮಾಡಿ ತೋರಿಸಿದರು. ಇಪ್ಪತ್ತು ಮೀಟರು ಉದ್ದ, ಹದಿನೈದು ಅಗಲ, ಮೂರು ಮೀಟರು ಎತ್ತರದ ಹಾಲು. ಗಾಜು, ಗಾರೆ, ಕಲ್ಲಿನ ನೆಲ. ಅರವತ್ತು ಜನ, ಅವರ ಮೇಜು ಕುರ್ಚಿ. ಸಬೈನನ ಸೂತ್ರದ ಪ್ರಕಾರ ಇಲ್ಲಿ ಎದ್ದ ಸದ್ದು ಅಡಗಲು ಸುಮಾರು ಮೂರು ಸೆಕೆಂಡು ಬೇಕು. ಚಾವಣಿಗೆ ಮಾತ್ರ ಒಳ್ಳೆಯ ಸದ್ದು ಹೀರುವ ಹಲಗೆ ಹಾಕಿದರೆ ಅದು ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಮೂರು ಸೆಕೆಂಡಿನ ಹಾಲಿನಲ್ಲಿ ತನ್ನ ಮಾತು ತನಗೇ ಕೇಳಿಸದೆ ಪ್ರತಿಯೊಬ್ಬನೂ ದನಿ ಏರಿಸುತ್ತಾನೆ. ಅವನ ದನಿಗೆ ಪಕ್ಕದವನು ಏರಿಸುತ್ತಾನೆ. ಛತ್ರದ ಊಟದ ಮನೆಯಲ್ಲಿ ನಾವೆಲ್ಲ ಕಂಡದ್ದೇ. ಚಾವಣಿ ಸರಿಯಾದರೆ, ಬೋರ್ಡು ಇಲ್ಲದೆಯೂ ಜನ ತಾವಾಗಿ ಮೆಲ್ಲಗೆ ಮಾತನಾಡುತ್ತಾರೆ.

ಆದರೆ ಚಾವಣಿಯೊಂದೇ ಸಾಲದು. ಒಟ್ಟು ಗದ್ದಲ ಇಳಿದಾಗ ಪಕ್ಕದವನ ಮಾತು ಇನ್ನಷ್ಟು ಸ್ಪಷ್ಟವಾಗುವುದುಂಟು. ಅದಕ್ಕಾಗಿ ಬಲ್ಲವರು ಮೂರು ಕೆಲಸಗಳನ್ನು ಒಟ್ಟಿಗೆ ಹೇಳುತ್ತಾರೆ: ಹೀರುವುದು, ತಡೆಯುವುದು, ಮರೆಸುವುದು. ಹೀರುವುದಕ್ಕೆ ಚಾವಣಿ. ತಡೆಯುವುದಕ್ಕೆ ಮೇಜುಗಳ ನಡುವೆ, ಕೂತವನ ತಲೆಗಿಂತ ಎತ್ತರವಾದ, ಗಾಜಿನದಲ್ಲದ ಅಡ್ಡತೆರೆ. ಮರೆಸುವುದಕ್ಕೆ ಗಾಳಿ ಬೀಸಿದಂಥ ಸಣ್ಣ ಸಮಸದ್ದು. ಅದು ದೂರದ ಮಾತಿನ ಅಂಚುಗಳನ್ನು ಅಳಿಸುತ್ತದೆ. ಇದರ ಮೇಲೆ, ಫೋನಿನ ಕೆಲಸದವರನ್ನು ಒಂದು ಕಡೆ, ಬರೆಯುವವರನ್ನು ಒಂದು ಕಡೆ ಕೂರಿಸುವ ವಿವೇಕ. ಬಾಗಿಲು ಮುಚ್ಚಿ ಮಾತನಾಡಲು ಎಲ್ಲರಿಗೂ ಸಲ್ಲುವ ನಾಲ್ಕಾರು ಸಣ್ಣ ಕೋಣೆಗಳು. ದುಬಾರಿ ಹಲಗೆಯನ್ನು ವಿದೇಶದಿಂದಲೇ ತರಬೇಕೆಂಬ ಕಡ್ಡಾಯವೂ ಇಲ್ಲ. ಮರದ ನಾರಿನ ಹಲಗೆ, ತೆಂಗಿನ ನಾರು, ಹತ್ತಿ, ಉಣ್ಣೆ ಇವೆಲ್ಲ ಸದ್ದು ಹೀರುವಂಥವೇ. ಚಳ್ಳಕೆರೆಯ ಕಂಬಳಿಯ ನಾಡಿನಲ್ಲಿ ಕಚೇರಿಯ ಗೋಡೆಗೆ ಹೊದಿಕೆಗೆ ಬಡತನವೇ?

ಗುಟ್ಟು ಬಯಲಾಗುವ ಮಾತನ್ನು ಮೇಲೆ ಎತ್ತಿದ್ದೆನಷ್ಟೆ. ನಮ್ಮ ಬಡಾವಣೆಗಳ ಬ್ಯಾಂಕುಗಳೂ ಈಗ ಬಯಲಾಗಿವೆ. ಗಂಡನನ್ನು ಕಳೆದುಕೊಂಡು ತಿಂಗಳಾಗದ ಹೆಂಗಸೊಬ್ಬರು ಆತನ ಠೇವಣಿಯ ಕಾಗದ ಹಿಡಿದು ಮೇಜಿನ ಮುಂದೆ ಕೂತಿದ್ದರು. ಗಂಡನ ಹೆಸರಿನಲ್ಲಿ ಎಷ್ಟಿದೆ, ನಾಮಿನಿ ಯಾರು, ಮಗನಿಗೆ ಅದು ಗೊತ್ತೇ ಎಂದು ಗುಮಾಸ್ತೆ ಕೇಳುತ್ತಿದ್ದರೆ, ಸಾಲಿನಲ್ಲಿ ನಿಂತ ಹನ್ನೆರಡು ಜನಕ್ಕೂ ಆ ಮನೆಯ ಲೆಕ್ಕ ಒಪ್ಪವಾಗಿ ಕೇಳಿಸುತ್ತಿತ್ತು. ಆಕೆ ಉತ್ತರ ಹೇಳದೆ ಸೆರಗು ಸರಿಮಾಡಿಕೊಂಡರು. ಕೇಳಿದ ಹುಡುಗನದು ತಪ್ಪಲ್ಲ; ಅವನಿಗೆ ಕೋಣೆಯಿಲ್ಲ. ಈ ಪ್ರಶ್ನೆ ಹಾಗಾಗಿ ನೌಕರರದು ಮಾತ್ರವಲ್ಲ. ಮೇಜಿನ ಈಚೆ ಬದಿಯಲ್ಲಿ ಕೂರುವವರು ನಾವೇ.

ಕಾನೂನಿಗೆ ಮಾದರಿಯಿಲ್ಲವೆಂದು ಯಾರೂ ಹೇಳುವಂತಿಲ್ಲ. ಭಾರತೀಯ ಮಾನಕ ಸಂಸ್ಥೆ ಕಾರ್ಖಾನೆಯಲ್ಲದ ಕಟ್ಟಡಗಳ ಸದ್ದು ತಡೆಗೆ ಸಂಹಿತೆಯೊಂದನ್ನು ೧೯೬೨ರಷ್ಟು ಹಿಂದೆಯೇ ಹೊರಡಿಸಿತು. ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಂಟನೆಯ ಭಾಗದಲ್ಲಿ ಸದ್ದಿನ ನಿಯಂತ್ರಣಕ್ಕೆಂದೇ ಒಂದು ವಿಭಾಗವಿದೆ. ಆದರೆ ಆ ಸಂಹಿತೆ ಸಲಹೆ. ಸ್ಥಳೀಯ ನಿಯಮಗಳು ಎತ್ತಿಕೊಂಡಾಗ ಮಾತ್ರ ಅದಕ್ಕೆ ಹಲ್ಲು ಬರುತ್ತದೆ. ಜರ್ಮನಿಯಲ್ಲಿ ೨೦೧೮ರಲ್ಲಿ ಹೊರಟ ಕೆಲಸದ ಸ್ಥಳದ ನಿಯಮ ಇದಕ್ಕಿಂತ ನೇರವಾಗಿ ಮಾತನಾಡುತ್ತದೆ: ಹೆಚ್ಚಿನ ಏಕಾಗ್ರತೆ ಬೇಡುವ ಕೆಲಸದ ಜಾಗದಲ್ಲಿ ಸದ್ದು ೫೫ ಡೆಸಿಬೆಲ್ ಮೀರಬಾರದು, ಹಲವರು ಕೂರುವ ಕಚೇರಿಯಲ್ಲಿ ಸದ್ದು ಅಡಗುವ ಕಾಲ ೦.೬ ಸೆಕೆಂಡನ್ನು ದಾಟಬಾರದು. ಫೋನಿನ ಕೆಲಸದ ಹಾಲಿನಲ್ಲಿ ೦.೫. ಜರ್ಮನರ ಕಿವಿ ನಮ್ಮ ಕಿವಿಗಿಂತ ಬೇರೆ ಮಣ್ಣಿನಿಂದ ಮಾಡಿದ್ದಲ್ಲ.

ಆದ್ದರಿಂದ ನಾನು ಕೇಳುವುದು ಮೂರು. ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವಾಗ ಬೆಂಕಿಯಿಂದ ಪಾರಾಗುವ ದಾರಿ ಎಲ್ಲಿದೆಯೆಂದು ಕೇಳುವ ಹಾಗೆ, ನಲವತ್ತು ಜನಕ್ಕೆ ಮೀರಿದ ಹಾಲಿಗೆ ಸದ್ದು ಹೀರುವ ಏರ್ಪಾಟು ಎಲ್ಲಿದೆಯೆಂದು ಪಾಲಿಕೆ ಕೇಳಲಿ. ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ಇತರರಿಗೆ ಬುದ್ಧಿ ಹೇಳುವ ಮುಂಚೆ ತಮ್ಮ ಹಾಲುಗಳಿಂದಲೇ ಆರಂಭಿಸಲಿ. ಮೌಲ್ಯಮಾಪನದ ಕೇಂದ್ರ ಅದಕ್ಕೆ ಒಳ್ಳೆಯ ಜಾಗ. ಇನ್ನು ಖಾಸಗಿ ಸಂಸ್ಥೆಗಳು, ಬೋರ್ಡುಗಳನ್ನು ಕಿತ್ತು ಒಬ್ಬ ಶಬ್ದತಜ್ಞನನ್ನು ಕರೆಸಿ, ಒಬ್ಬನ ಮಾತು ಎಷ್ಟು ಮೀಟರಿನ ತನಕ ತಿಳಿಯುತ್ತದೆಂದು ಅಳೆಸಿ, ಆ ಅಂಕಿಯನ್ನು ನೌಕರರ ಮುಂದೆ ಇಡಲಿ.

ಇದಕ್ಕೆಲ್ಲ ಹಣವಾಗುತ್ತದೆ ಎನ್ನುವಿರಿ. ಆಗುತ್ತದೆ. ಈಗಲೂ ಆಗುತ್ತಲೇ ಇದೆ: ತಿದ್ದಿ ತಿದ್ದಿ ಬರೆದ ಕಾಗದದಲ್ಲಿ, ಕೈಬಿಟ್ಟ ಒಗಟಿನಲ್ಲಿ, ರಾತ್ರಿ ಹನ್ನೊಂದರ ದೀಪದಲ್ಲಿ. ಈ ಖರ್ಚನ್ನು ಇಂದು ಬರೆದುಕೊಳ್ಳುವ ಪುಸ್ತಕವಿಲ್ಲ. ಅದಕ್ಕೇ ಅದು ಪುಕ್ಕಟೆಯಾಗಿ ಕಾಣುತ್ತದೆ. ಗೋಡೆ ಕೆಡವಿದ್ದರಿಂದ ಉಳಿದ ಬಾಡಿಗೆ ಯಾರ ಲೆಕ್ಕಕ್ಕೆ ಜಮೆಯಾಯಿತೋ, ಮೌನದ ಖರ್ಚೂ ಅವರ ಲೆಕ್ಕಕ್ಕೇ ಬೀಳತಕ್ಕದ್ದು.